ಮಾವನ ಟ್ರೌಟು, ನನ್ನ ಅರ್ಜಿ

ನನಗೆ ಬೇಕಾಗಿದ್ದದ್ದು ಒಂದು ರುಜು, ಅಷ್ಟೇ. ಜಮೀನಲ್ಲ, ಚಿನ್ನವಲ್ಲ, ಮದುವೆಯಂತೂ ಅಲ್ಲವೇ ಅಲ್ಲ. ಅರ್ಜಿಯ ಕೊನೆಯಲ್ಲಿ ‘ಪೋಷಕರ ರುಜು’ ಎಂದು ಅಚ್ಚಾಗಿದ್ದ ಗೆರೆಯ ಮೇಲೆ ಸೋದರಮಾವ ತಮ್ಮ ಹೆಸರು ಬರೆದರೆ ಸಾಕಿತ್ತು. ನಾನು ಮಂಗಳೂರಿನ ತರಬೇತಿ ಶಾಲೆಗೆ ಹೋಗಿ ಎರಡು ವರ್ಷದಲ್ಲಿ ಟೀಚರಾಗಿ ಬರುತ್ತಿದ್ದೆ. ಎಂಟನೇ ತರಗತಿ ಪಾಸಾದ ಮೇಲೆ ಮನೆಯಲ್ಲಿ ಬತ್ತ ಹರವುತ್ತ, ಅದಕ್ಕೆ ಬಾಯಿ ಹಾಕುವ ಕೋಳಿಗಳನ್ನು ಓಡಿಸುತ್ತ ಕೂತು ಸಾಕಾಗಿಹೋಗಿತ್ತು. ಆದರೆ ರುಜು ಹಾಕಬೇಕಾದ ಮನುಷ್ಯ ಬೆಳಿಗ್ಗೆ ಗಂಜಿ ಕುಡಿದು ಹೊಳೆಗಿಳಿದರೆ ಸಂಜೆಯವರೆಗೆ ಮೇಲೆ ಬರುತ್ತಿರಲಿಲ್ಲ. ಅಲ್ಲಿ ಅವರು ನಮ್ಮ ಹೊಳೆಯಲ್ಲಿ ಇಲ್ಲದ ಮೀನನ್ನು ಹಿಡಿಯುತ್ತಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ, ಮಡಂತ್ಯಾರಿನಿಂದ ಒಳಗೆ ಇಳಿದು ಬಂದರೆ ನೇತ್ರಾವತಿಯ ದಡದಲ್ಲಿ ನಮ್ಮ ಮನೆ. ಮನೆಯಲ್ಲಿ ಅಜ್ಜಿ, ಅಜ್ಜಿಯ ಮಗನಾದ ಮಾವ, ನಾನು, ಮೂವರೇ. ತಾಯಿ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ತಂದೆ ಮೂಡಬಿದಿರೆಯ ಕಡೆ ತನ್ನ ತಾಯಿಯ ಮನೆಯಲ್ಲಿದ್ದ. ವರ್ಷಕ್ಕೊಮ್ಮೆ ಬಂದು ನನ್ನ ತಲೆ ಸವರಿ, ಊಟ ಮಾಡಿ ಹೋಗುತ್ತಿದ್ದ. ನಮ್ಮದು ಅಳಿಯಕಟ್ಟಿನ ಮನೆತನ. ಮಕ್ಕಳ ವಿಷಯದಲ್ಲಿ ಸೋದರಮಾವನ ಮಾತೇ ಮಾತು, ಅವನ ರುಜುವೇ ರುಜು. ಆದ್ದರಿಂದ ನನ್ನ ಇಡೀ ಭವಿಷ್ಯ ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು.

ಮಾವ ಚಾರ್ಮಾಡಿ ಘಾಟಿಯ ಆಚೆ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ರೈಟರಾಗಿದ್ದವರು. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ದೊರೆಯ ಕಾಗದ ಪತ್ರ ಎಲ್ಲ ಅವರದೇ ಕೈಬರಹ. ಮದುವೆಯಾಗಲಿಲ್ಲ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟ. ಹೊರಡುವಾಗ ತನ್ನ ಮೀನಿನ ಕೋಲನ್ನು ಮಾವನಿಗೆ ಕೊಟ್ಟುಹೋದ. ಮೂರು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಬಹುದಾದ, ಬಿದಿರನ್ನು ಸೀಳಿ ಅಂಟಿಸಿದ ಕೋಲು ಅದು. ಅದಕ್ಕೆ ಹಿತ್ತಾಳೆಯ ಒಂದು ರಾಟೆ, ಹಸಿರು ದಾರ. ಮಾವ ಅದನ್ನು ತಂದ ದಿನ ಅಜ್ಜಿ ಬಿಚ್ಚಿ ನೋಡಿ, ಇಷ್ಟು ವರ್ಷ ದುಡಿದದ್ದಕ್ಕೆ ಇದಾ ಎಂದು ಕೇಳಿದಳಂತೆ.

ಆ ಕೋಲಿನಲ್ಲಿ ಮೀನು ಹಿಡಿಯುವ ಕ್ರಮವನ್ನು ಊರಿನವರಿಗೆ ವಿವರಿಸಿ ನನ್ನ ನಾಲಿಗೆ ಬತ್ತಿಹೋಗಿದೆ. ನಮ್ಮಲ್ಲಿ ಮೀನು ಹಿಡಿಯುವುದೆಂದರೆ ಬೀಸುಬಲೆ, ಇಲ್ಲವೇ ಗಾಳಕ್ಕೆ ಎರೆಹುಳು ಸಿಕ್ಕಿಸಿ ದಡದಲ್ಲಿ ತೂಕಡಿಸುತ್ತ ಕೂರುವುದು. ಮಾವನದು ಎರಡೂ ಅಲ್ಲ. ಒಂದು ಸಣ್ಣ ಕೊಕ್ಕೆಗೆ ಹುಂಜದ ಕುತ್ತಿಗೆಯ ಗರಿಯನ್ನು ನೂಲಿನಿಂದ ಸುತ್ತಿ, ನೊಣದ ಹಾಗೆ ಮಾಡುವುದು. ಆ ನೊಣವನ್ನು ದಾರದ ತುದಿಗೆ ಕಟ್ಟಿ, ಕೋಲನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸುತ್ತ ದಾರವನ್ನು ಗಾಳಿಯಲ್ಲೇ ಉದ್ದ ಮಾಡುವುದು. ಕೊನೆಗೆ ಅದು ನೀರಿನ ಮೇಲೆ ಸದ್ದಿಲ್ಲದೆ ಇಳಿಯಬೇಕು. ಮೇಲೆ ಹಾರುವ ಹುಳ ನೀರಿಗೆ ಬಿತ್ತೆಂದು ಮೀನು ಮೋಸಹೋಗಬೇಕು. ಮೀನು ಮೋಸಹೋಗುವುದು ಅಪರೂಪ. ದಾರ ತೆಂಗಿನ ಗರಿಗೆ, ಗೇರು ಮರಕ್ಕೆ, ಬಟ್ಟೆ ಒಗೆಯುವವಳು ಹರವಿದ ಸೀರೆಗೆ ಸಿಕ್ಕುವುದು ದಿನನಿತ್ಯದ ಕತೆ. ಒಮ್ಮೆ ನನ್ನ ಜಡೆಗೂ ಸಿಕ್ಕಿತು. ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಮಾವ ಚಿಂತೆ ಮಾಡಿದ್ದು ನೊಣದ ಗರಿ ಹಾಳಾಗುತ್ತದಲ್ಲ ಎಂದು.

ಇನ್ನು ಮೀನಿನ ವಿಷಯ. ಟ್ರೌಟ್ ಎಂಬ ಮೀನು ದೊರೆಯ ದೇಶದ್ದು. ಚಳಿಯ ನೀರಿನಲ್ಲಿ ಮಾತ್ರ ಬದುಕುವಂಥದ್ದು. ನೀಲಗಿರಿಯ ಹಳ್ಳಗಳಿಗೆ ಬಿಳಿಯರು ಅದನ್ನು ತಂದು ಬಿಟ್ಟಿದ್ದರು. ನಾನು ಹುಟ್ಟುವುದಕ್ಕೆ ಒಂದೆರಡು ವರ್ಷ ಮೊದಲು ನಮ್ಮ ಮಾವನ ದೊರೆಗೂ ಆಸೆಯಾಗಿ, ಘಾಟಿಯ ನೆತ್ತಿಯಿಂದ ನಮ್ಮ ಕಡೆಗೆ ಇಳಿಯುವ ಒಂದು ತಣ್ಣನೆಯ ಹಳ್ಳಕ್ಕೆ ಬಿಡುವುದಕ್ಕೆಂದು ನಲವತ್ತು ಮರಿಗಳನ್ನು ತರಿಸಿದ್ದ. ಮಂಗಳೂರಿನ ರೈಲು ನಿಲ್ದಾಣದಲ್ಲಿ ಮರಿಗಳ ಡಬ್ಬ ಇಳಿಸಿಕೊಂಡು ಘಾಟಿ ಹತ್ತಿಸಿ ಹಳ್ಳಕ್ಕೆ ಬಿಟ್ಟವರು ಮಾವನೇ. ಇದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆ ಹಳ್ಳದ ನೀರು ಕೊನೆಗೆ ನೇತ್ರಾವತಿಗೇ ಬರುವುದರಿಂದ, ಮರಿಗಳು ಬೆಳೆದು, ಮರಿ ಹಾಕಿ, ಆ ಮರಿಗಳು ಬೆಳೆದು ಒಂದಲ್ಲ ಒಂದು ದಿನ ನಮ್ಮ ಮನೆಯ ಕೆಳಗಿನ ಗುಂಡಿಗೆ ಬರಲೇಬೇಕು ಎಂಬುದು ಮಾವನ ವಾದ. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾಗುವ ಹೊತ್ತು, ಅಂದರೆ ನವರಾತ್ರಿಯಿಂದ ತುಳಸಿ ಪೂಜೆಯವರೆಗೆ, ಅದಕ್ಕೆ ಸರಿಯಾದ ಕಾಲ. ಆ ದಿನಗಳಲ್ಲಿ ಅವರನ್ನು ದಡಕ್ಕೆ ಕರೆಯಲು ದೈವಕ್ಕೂ ಸಾಧ್ಯವಿರಲಿಲ್ಲ.

ಅಜ್ಜಿಗೆ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಮಾವನ ನೊಣಕ್ಕೆ ಎಲ್ಲೋ ಒಮ್ಮೆ ನಮ್ಮ ಹೊಳೆಯ ಒಳ್ಳೆಯ ಪೆರುವೋಳು ಬೀಳುತ್ತಿತ್ತು. ದಪ್ಪ ಹುರುಪೆಯ, ಕೈಯಷ್ಟು ಉದ್ದದ, ಸಾರು ಮಾಡಿದರೆ ಇಡೀ ಮನೆಗೆ ಸಾಲುವ ಮೀನು. ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ಮೈಮೇಲೆ ಟ್ರೌಟಿನ ಚುಕ್ಕೆ ಇಲ್ಲವೆಂದು ಖಾತ್ರಿಮಾಡಿಕೊಂಡು ಮತ್ತೆ ನೀರಿಗೇ ಬಿಡುತ್ತಿದ್ದರು. ಇತ್ತ ಅಜ್ಜಿ ಮಸಾಲೆ ಕಡೆಯಲು ಕಲ್ಲಿನ ಮುಂದೆ ಕೂತಿರುತ್ತಿದ್ದಳು.

“ತಿನ್ನುವುದಕ್ಕೆ ಅಲ್ಲದಿದ್ದರೆ ಹಿಡಿಯುವುದು ಯಾಕೆ?” ಎಂದು ಅವಳು ಕೇಳಿದರೆ, “ನಾನು ಹುಡುಕುವುದು ಅದನ್ನಲ್ಲ” ಎಂದು ಉತ್ತರ.

“ನೀನು ಹುಡುಕುವುದು ಯಾವುದೂ ಬೇಯಿಸುವ ಹಾಗಿನದ್ದಲ್ಲ ಬಿಡು” ಎಂದು ಅಜ್ಜಿ ಕಡೆದ ಮಸಾಲೆಗೆ ಬದನೆಕಾಯಿ ಹಾಕುತ್ತಿದ್ದಳು. ಆ ದಿನಗಳಲ್ಲಿ ನಾವು ತಿಂದ ಬದನೆಕಾಯಿಯನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ನವರಾತ್ರಿಯ ಮೊದಲ ದಿನ ನಮ್ಮ ಶಾಲೆಯ ಹೆಡ್ ಮೇಷ್ಟ್ರು ಆ ಅರ್ಜಿಯನ್ನು ತಾವೇ ಮನೆಗೆ ತಂದುಕೊಟ್ಟರು. ತರಬೇತಿಗೆ ಹೊಸದೊಂದು ತಂಡ ತೆಗೆದುಕೊಳ್ಳುತ್ತಾರೆ, ನಮ್ಮ ಕಡೆಯಿಂದ ಹುಡುಗಿಯರು ಹೋಗುವುದೇ ಇಲ್ಲ, ನೀನು ಹೋಗು ಎಂದರು. ಹದಿನೇಳು ವರ್ಷ ತುಂಬಿರಬೇಕು ಎಂಬ ನಿಯಮವಿತ್ತು. ಶಾಲೆಯ ರಿಜಿಸ್ಟರಿನ ಪ್ರಕಾರ ನನಗೆ ತುಂಬಿತ್ತು. ಎಲ್ಲ ಕಲಮುಗಳನ್ನು ಮೇಷ್ಟ್ರೇ ತುಂಬಿಸಿದ್ದರು. “ಮಾವನ ರುಜು ಒಂದು ಹಾಕಿಸು. ದೀಪಾವಳಿಗೆ ಮೂರು ದಿನ ಮುಂಚೆ ಮಧ್ಯಾಹ್ನದ ಬಸ್ಸಿನಲ್ಲಿ ನಾನು ಬಂಟ್ವಾಳದ ಕಚೇರಿಗೆ ಕೊಂಡುಹೋಗ್ತೇನೆ. ಅದೇ ಕಡೇ ದಿನ” ಎಂದರು. ನನಗೆ ನಗು ಬಂತು. ಮೂರು ವಾರ ಉಂಟು, ಒಂದು ರುಜುವಿಗೆ ಎಷ್ಟು ಹೊತ್ತು ಬೇಕು ಎಂದುಕೊಂಡೆ.

ಅವತ್ತೇ ಮೇಷ್ಟ್ರ ಪೆನ್ನು ಕೇಳಿ ಇಟ್ಟುಕೊಂಡು ಹೊಳೆಗೆ ಓಡಿದೆ. ಮಾವ ನೀರಿನಲ್ಲಿದ್ದರು. ನಾನು ಕೂಗಿದೆ. ಅವರು ತಿರುಗದೆಯೇ ಎಡಗೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಸುಮ್ಮನಿದ್ದೆ. ಬಿಸಿಲು ನೆತ್ತಿಗೆ ಬಂತು. ಕೊನೆಗೊಮ್ಮೆ ಅವರು ದಡಕ್ಕೆ ಬಂದು ವಿಷಯ ಕೇಳಿ, “ಕೈ ಒದ್ದೆ ಉಂಟು, ಕಾಗದ ಹಾಳಾಗ್ತದೆ. ಮನೆಯಲ್ಲಿ ನೋಡುವ” ಎಂದರು. ಮನೆಗೆ ಬಂದ ಮೇಲೆ, “ಬೆಳಕು ಸಾಲದು, ನಾಳೆ ನೋಡುವ” ಎಂದರು.

ಮರುದಿನ ಕೈ ಒರೆಸಲು ಬೈರಾಸು, ಕಾಗದ ಇಡಲು ಒಂದು ಮಣೆ, ಬಾಯಾರಿಕೆಗೆ ಬೆಲ್ಲ ನೀರು, ಎಲ್ಲ ಹೊತ್ತುಕೊಂಡು ಹೋದೆ. ಮಾವ ಕೈ ಒರೆಸಿಕೊಂಡರು. ಬೆಲ್ಲ ನೀರು ಕುಡಿದರು. “ಓದದೆ ರುಜು ಹಾಕುವ ಕ್ರಮ ಇಲ್ಲ” ಎಂದು ಕನ್ನಡಕ ತೆಗೆದು ಅರ್ಜಿಯ ಎರಡೂ ಬದಿ, ಅಡಿಯ ಸಣ್ಣ ಅಕ್ಷರ ಸಹಿತ ಓದಿದರು. ಓದಿ, “ಈ ಹುಟ್ಟಿದ ತಾರೀಕು ಯಾರು ಬರೆದದ್ದು?” ಎಂದು ಕೇಳಿದರು. ರಿಜಿಸ್ಟರಿನಲ್ಲಿ ಇರುವುದು ಎಂದೆ. ಅವರು ಹ್ಞೂಂ ಎಂದು ಅರ್ಜಿಯನ್ನು ನನ್ನ ಕೈಗೆ ಕೊಟ್ಟು, “ಅಗೋ, ಅಲ್ಲಿ ಒಂದು ಎದ್ದಿತು” ಎಂದು ಮತ್ತೆ ನೀರಿಗಿಳಿದರು. ನೀರಿನಲ್ಲಿ ಏನೂ ಎದ್ದಿರಲಿಲ್ಲ. ನಾನೂ ಆ ಕಡೆಯೇ ನೋಡುತ್ತಿದ್ದೆ.

ಹಾಗೆ ಎರಡು ವಾರ. ಒಂದು ದಿನ ಪೆನ್ನಿನ ಮಸಿ ತೆಳುವಾಯಿತು, ಒಂದು ದಿನ ರಾಹುಕಾಲ, ಒಂದು ದಿನ ಗಾಳಿ ಮೂಡಣದಿಂದ ಬೀಸುತ್ತಿತ್ತು. ಗಾಳಿಗೂ ರುಜುವಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಪಾಠ ಆಗುತ್ತಿತ್ತು. ಬೇಡ ಎಂದು ಒಂದು ಸಲವೂ ಹೇಳಲಿಲ್ಲ ಆ ಮನುಷ್ಯ. ಬೇಡ ಎಂದಿದ್ದರೆ ಅತ್ತು, ಉಪವಾಸ ಕೂತು, ಅಜ್ಜಿಯನ್ನು ಮುಂದೆ ಬಿಟ್ಟು ಹೇಗೋ ಸಾಧಿಸಬಹುದಿತ್ತು. ‘ನೋಡುವ’ ಎನ್ನುವವರ ಎದುರು ಉಪವಾಸ ಕೂತು ಪ್ರಯೋಜನವೇನು?

ಲಂಚವನ್ನೂ ಕೊಟ್ಟು ನೋಡಿದೆ. ಒಳ್ಳೆಯ ನೊಣಕ್ಕೆ ಕೆಂಪು ಹುಂಜದ ಕುತ್ತಿಗೆಯ ಗರಿಯೇ ಆಗಬೇಕೆಂದು ಮಾವ ಹೇಳುತ್ತಿದ್ದರು. ಅಜ್ಜಿ ಮುದ್ದಿನಿಂದ ಸಾಕಿದ ಒಂದು ಕೆಂಪು ಹುಂಜ ನಮ್ಮಲ್ಲಿತ್ತು. ಅವಳು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅದನ್ನು ಬುಟ್ಟಿಯಡಿ ಹಿಡಿದು ಕುತ್ತಿಗೆಯ ಗರಿಗಳನ್ನೆಲ್ಲ ಕಿತ್ತು, ನನ್ನ ರವಿಕೆಯ ಹೊಲಿಗೆಯಿಂದ ನೂಲು ಎಳೆದು, ಹನ್ನೆರಡು ನೊಣ ಕಟ್ಟಿಕೊಂಡು ಹೋಗಿ ಕೊಟ್ಟೆ. ಮಾವನ ಮುಖ ಅರಳಿತು. ಒಂದೊಂದನ್ನೂ ಬೆಳಕಿಗೆ ಹಿಡಿದು, “ನಿನ್ನ ಕೈ ದೊರೆಯ ಕೈಗಿಂತ ಚಂದ ಉಂಟು” ಎಂದರು. ಇದೇ ಸಮಯ ಎಂದು ಅರ್ಜಿ ಮುಂದಿಟ್ಟೆ. ಅವರ ಮುಖ ಮತ್ತೆ ಮುದುಡಿತು. ನೊಣಗಳನ್ನು ಮಾತ್ರ ಟೊಪ್ಪಿಗೆ ಸಿಕ್ಕಿಸಿಕೊಂಡರು. ಸಂಜೆ ಬೋಳು ಕುತ್ತಿಗೆಯ ಹುಂಜವನ್ನು ನೋಡಿದ ಅಜ್ಜಿ ಯಾವುದೋ ಕೋಳಿರೋಗ ಬಂತೆಂದು ಹೆದರಿ, ನಿಜ ಗೊತ್ತಾದ ಮೇಲೆ ನನಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಮೇಷ್ಟ್ರ ಹತ್ತಿರ ಹೋಗಿ ಅತ್ತೆ. ಅವರು ವಿಜ್ಞಾನ ಕಲಿಸುವವರು. ಟ್ರೌಟ್ ನಮ್ಮ ಹೊಳೆಯಲ್ಲಿ ಇರುವ ಸಾಧ್ಯತೆ ಇದೆಯಾ ಎಂದು ಕೇಳಿದೆ. ಅವರು ನಕ್ಕು, “ಈ ಬೆಚ್ಚಗಿನ ನೀರಿಗೆ ಬಂದರೆ ಅದು ಒಂದು ಗಳಿಗೆ ಬದುಕುವುದಿಲ್ಲ. ಘಾಟಿಯ ಬುಡಕ್ಕೆ ಬರುವಾಗಲೇ ಸತ್ತಿರ್ತದೆ. ನಿನ್ನ ಮಾವನಿಗೆ ಇದು ಗೊತ್ತಿಲ್ಲದ್ದಲ್ಲ, ಅವರು ಓದಿದವರು” ಎಂದರು. ಗೊತ್ತಿದ್ದೂ ಒಬ್ಬ ಮನುಷ್ಯ ಹೀಗೆ ಮಾಡುತ್ತಾನೆಂದರೆ ಅದು ಹುಚ್ಚು, ಇಲ್ಲವೇ ನನ್ನನ್ನು ಸತಾಯಿಸುವ ಉಪಾಯ ಎಂದು ನನಗನ್ನಿಸಿತು. ನನಗೆ ಎರಡನೆಯದರ ಮೇಲೆಯೇ ಹೆಚ್ಚು ನಂಬಿಕೆಯಾಯಿತು.

ಕಡೇ ದಿನ ಬಂತು. ಮೇಷ್ಟ್ರು ಹನ್ನೆರಡು ಗಂಟೆಯ ಬಸ್ಸಿಗೆ ಹೋಗುವವರು. ಹತ್ತು ಗಂಟೆಗೆ ನಾನು ಅರ್ಜಿಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಹೊಳೆಗೆ ಹೋದೆ. ಮಾವ ಗುಂಡಿಯ ಮೇಲಿನ ತೆಳು ನೀರಿನಲ್ಲಿ ನಿಂತು ದಾರ ಬೀಸುತ್ತಿದ್ದರು. ನನ್ನ ಹೆಜ್ಜೆ ಕೇಳಿ ಮೊದಲಿನ ಹಾಗೆಯೇ ಎಡಗೈ ಎತ್ತಿದರು. ಆ ಕೈಯನ್ನು ನೋಡಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ಸೀರೆ ಎತ್ತಿ ಕಟ್ಟಿಕೊಂಡು ನೇರವಾಗಿ ನೀರಿಗಿಳಿದೆ. ಕಾಲಿನಿಂದ ನೀರನ್ನು ಬಡಿದು ಬಡಿದು, ಇದ್ದ ಮೀನೆಲ್ಲ ಬಂಟ್ವಾಳ ಮುಟ್ಟುವ ಹಾಗೆ ಓಡಿಸಿ, ಅವರ ಎದುರು ಹೋಗಿ ನಿಂತೆ.

“ಈ ಹೊಳೆಯಲ್ಲಿ ಟ್ರೌಟ್ ಇಲ್ಲ” ಎಂದೆ. “ಇದ್ದದ್ದೂ ಇಲ್ಲ, ಬರುವುದೂ ಇಲ್ಲ. ಮೇಷ್ಟ್ರು ಹೇಳಿದ್ದಾರೆ, ಘಾಟಿ ಇಳಿಯುವಾಗಲೇ ಸಾಯ್ತವೆ. ಇಲ್ಲದ ಮೀನಿಗೆ ನೀವು ವರ್ಷಗಟ್ಟಲೆ ಕಾಯ್ತೀರಿ, ಎದುರು ನಿಂತ ನನಗೆ ಒಂದು ರುಜು ಹಾಕುವುದಿಲ್ಲ.”

ಹಿರಿಯರ ಎದುರು ಹಾಗೆ ಮಾತಾಡಿದ್ದು ನನ್ನ ಜನ್ಮದಲ್ಲೇ ಮೊದಲು. ಮಾವ ಬೈಯಲಿಲ್ಲ. ದಾರವನ್ನು ನಿಧಾನವಾಗಿ ರಾಟೆಗೆ ಸುತ್ತಿ ಮುಗಿಸಿ, “ಘಾಟಿ ಇಳಿಯುವಾಗ ಅಲ್ಲ. ಹತ್ತುವುದಕ್ಕೆ ಮುಂಚೆಯೇ ಸತ್ತದ್ದು. ನಾನೇ ಕೊಂದದ್ದು” ಎಂದರು.

ದಡದ ಬಂಡೆಯ ಮೇಲೆ ಕೂತು ಹೇಳಿದರು. ನನ್ನ ಕಣ್ಣು ಸೂರ್ಯನ ಮೇಲೆಯೇ ಇತ್ತು, ಬಸ್ಸಿಗೆ ಎಷ್ಟು ಹೊತ್ತು ಉಂಟು ಎಂದು. ಆದರೂ ಕಿವಿ ಕೇಳುತ್ತಿತ್ತು.

ಸುಗ್ಗಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಂತೆ. ದೊರೆ ಒಂದು ತಿಂಗಳು ಮದರಾಸಿಗೆ ಹೋಗಿದ್ದ. ಮರಿಗಳ ಜವಾಬ್ದಾರಿ ಪೂರ್ತಿ ಮಾವನದು. ಡಬ್ಬಕ್ಕೆ ಸುತ್ತ ಒದ್ದೆ ಗೋಣಿ ಕಟ್ಟಿರಬೇಕು, ಹೊಳೆ ಸಿಕ್ಕಿದಲ್ಲೆಲ್ಲ ಗೋಣಿ ನೆನೆಸಬೇಕು, ನೀರನ್ನು ಕಲಕುತ್ತಿರಬೇಕು, ಎಲ್ಲಿಯೂ ನಿಲ್ಲಬಾರದು ಎಂದು ದೊರೆ ಬರೆದುಕೊಟ್ಟಿದ್ದ. ಮಂಗಳೂರಿನಿಂದ ತೋಟದ ಲಾರಿಯಲ್ಲಿ ಬೆಳಿಗ್ಗೆ ಹೊರಟು ಬೆಳ್ತಂಗಡಿ ದಾಟುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿಂದ ಸ್ವಲ್ಪ ಮುಂದೆ ಕೊಯ್ಲಾದ ಗದ್ದೆಯಲ್ಲಿ ಕೋಳಿ ಅಂಕ, ಅಂದರೆ ಹುಂಜಗಳ ಕಾಳಗ, ನಡೆಯುತ್ತಿತ್ತು.

“ಜನ ಸೇರಿದ್ದು ಕಂಡಿತು. ಡ್ರೈವರ ಲಾರಿ ನಿಧಾನ ಮಾಡಿದ. ನಾನು ಬೇಡ ಹೇಳಬೇಕಿತ್ತು, ಹೇಳಲಿಲ್ಲ. ಒಂದೇ ಜೋಡಿ ನೋಡಿ ಹೋಗುವ ಅಂದೆ” ಎಂದರು ಮಾವ.

ಕೋಳಿ ಅಂಕದಲ್ಲಿ ಒಂದೇ ಜೋಡಿ ನೋಡಿ ಎದ್ದುಬಂದ ಗಂಡಸನ್ನು ನಮ್ಮ ಸೀಮೆಯಲ್ಲಿ ನಾನು ಈವರೆಗೆ ಕಂಡಿಲ್ಲ. ಪರಿಚಯದವರು ಸಿಕ್ಕರು. ಅವರ ಹುಂಜ ಕಟ್ಟುವುದಿತ್ತು. ಅದು ಗೆದ್ದಿತು, ಗೆದ್ದ ಮೇಲೆ ಬಿಡುತ್ತಾರೆಯೇ. ಡಬ್ಬವನ್ನು ಲಾರಿಯ ನೆರಳಿನಲ್ಲಿ ಇಟ್ಟಿದ್ದರು. ಹೊತ್ತು ತಿರುಗಿದಾಗ ನೆರಳೂ ತಿರುಗಿತು, ಡಬ್ಬ ಅಲ್ಲೇ ಇತ್ತು. ಮಾವ ಬಂದು ಮುಚ್ಚಳ ತೆಗೆದಾಗ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತಂತೆ. ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅಷ್ಟಾದರೂ ಡಬ್ಬವನ್ನು ಘಾಟಿಯ ನೆತ್ತಿಗೆ ಹೊತ್ತುಹೋಗಿ ಆ ಹಳ್ಳಕ್ಕೇ ಸುರಿದರು. ಆ ರಾತ್ರಿ ದೊರೆಗೆ ಕಾಗದ ಬರೆದರು. ನಲವತ್ತು ಮರಿಗಳೂ ಆರೋಗ್ಯವಾಗಿ ತಲುಪಿದವು, ನೀರಿಗೆ ಬಿಟ್ಟೊಡನೆ ಪ್ರವಾಹಕ್ಕೆ ಎದುರಾಗಿ ಈಜಿಹೋದವು ಎಂದು. ಅಡಿಯಲ್ಲಿ ರುಜು. ದೊರೆ ಅದನ್ನು ನಂಬಿದ. ಅಲ್ಲಿಂದ ಮುಂದೆ ಪ್ರತಿ ವರ್ಷ ಮಳೆ ನಿಂತ ಮೇಲೆ ಆ ಹಳ್ಳದ ಉದ್ದಕ್ಕೂ ಕೋಲು ಹಿಡಿದು ನಡೆದ. ಬುತ್ತಿ ಮತ್ತು ಬಲೆ ಹೊತ್ತುಕೊಂಡು ಹಿಂದಿನಿಂದ ಮಾವ. ವರ್ಷ ಕಳೆದ ಹಾಗೆ ದೊರೆಗೆ ವಯಸ್ಸಾಯಿತು, ಮಂಡಿ ಹಿಡಿಯಿತು, ಆದರೂ ಬಂದ. ಪ್ರತಿ ಸಂಜೆ, ಮುಂದಿನ ವರ್ಷ ಸಿಗಬಹುದು ಎನ್ನುತ್ತಿದ್ದ. ಮಾವ ಹೌದು ದೊರೆಗಳೇ ಎನ್ನುತ್ತಿದ್ದರು. ಕೊನೆಗೆ ಹೊರಡುವ ದಿನ ಆ ಕೋಲನ್ನು ಕೈಗೆ ಕೊಟ್ಟು, ನನಗೆ ಸಿಗದ್ದು ನಿನಗೆ ಸಿಗಲಿ ಎಂದನಂತೆ.

“ಸತ್ತದ್ದನ್ನು ಮತ್ತೆ ಯಾಕೆ ಹುಡುಕ್ತೀರಿ?” ಎಂದೆ. ನನ್ನ ಧ್ವನಿಯಲ್ಲಿ ಕನಿಕರ ಇರಲಿಲ್ಲ.

“ಸುರಿಯುವಾಗ ಡಬ್ಬದ ತಳದಲ್ಲಿ ಎರಡು ಅಲ್ಲಾಡಿದ ಹಾಗೆ ಕಂಡಿತು. ನೀರಿನ ಓಟಕ್ಕೆ ಅಲ್ಲಾಡಿದ್ದೂ ಇರಬಹುದು. ನನಗೆ ಇವತ್ತಿಗೂ ಗೊತ್ತಿಲ್ಲ.”

ಆಮೇಲೆ ಅರ್ಜಿಯನ್ನು ತಾವೇ ಕೇಳಿ ತೆಗೆದುಕೊಂಡು, ಅಡಿಯ ಸಣ್ಣ ಅಕ್ಷರದ ಸಾಲನ್ನು ಬೆರಳಿನಿಂದ ತೋರಿಸಿದರು. ಮೇಲೆ ಬರೆದಿರುವುದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂದು ಪೋಷಕರು ಹೇಳುವ ಸಾಲು ಅದು. “ಈ ತಾರೀಕು ಸತ್ಯ ಅಲ್ಲ. ನೀನು ಹುಟ್ಟಿದ ಸುದ್ದಿಯ ಕಾಗದ ತೋಟಕ್ಕೆ ಬಂದದ್ದು ನನ್ನ ಡೈರಿಯಲ್ಲಿ ಉಂಟು. ಸೋಣ ತಿಂಗಳಲ್ಲಿ, ಅಂದರೆ ಆಗಸ್ಟಿನಲ್ಲಿ, ಹುಟ್ಟಿದವಳು ನೀನು, ಅದೂ ಇದರ ಮರುವರ್ಷ. ನಿನಗೆ ಈಗ ಹದಿನಾರು. ದೊರೆಗೆ ಬರೆದ ಆ ಕಾಗದದ ನಂತರ ನಾನು ಸುಳ್ಳಿಗೆ ರುಜು ಹಾಕಿಲ್ಲ. ಹಾಕಲಿಕ್ಕೆ ಕೈ ಬರುವುದಿಲ್ಲ. ನಿನಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ.”

ನಮ್ಮ ಶಾಲೆಯ ರಿಜಿಸ್ಟರನ್ನು ಬಲ್ಲವರಿಗೆ ಇದು ಎಷ್ಟು ಅನ್ಯಾಯದ ಮಾತು ಎಂದು ತಿಳಿದೀತು. ನನ್ನನ್ನು ಶಾಲೆಗೆ ಸೇರಿಸಿದ್ದು ಅಜ್ಜಿ. ಯಾವಾಗ ಹುಟ್ಟಿದ್ದು ಎಂದು ಆಗಿನ ಮೇಷ್ಟ್ರು ಕೇಳಿದರೆ, ಕಪ್ಪು ಎಮ್ಮೆ ಎರಡನೇ ಕರು ಹಾಕಿದ ವಾರ ಎಂದಿದ್ದಳು. ಅವರು ನನ್ನ ಎತ್ತರ ನೋಡಿ ಜೂನ್ ತಿಂಗಳ ಒಂದು ತಾರೀಕು ಬರೆದರು. ನಮ್ಮ ತರಗತಿಯ ಅರ್ಧ ಮಕ್ಕಳು ಆ ಒಂದೇ ದಿನ ಹುಟ್ಟಿದವರು. ಜಿಲ್ಲೆಯ ಯಾವ ಶಾಲೆಗೆ ಹೋದರೂ ಇದೇ ಕತೆ. ಯಾವ ಪೋಷಕನಿಗೂ ಆ ಸಣ್ಣ ಅಕ್ಷರದ ಸಾಲು ಕಣ್ಣಿಗೇ ಬಿದ್ದಿರಲಿಲ್ಲ. ಡೈರಿ ಬರೆಯುವ ಸೋದರಮಾವ ಇದ್ದದ್ದು ನನಗೊಬ್ಬಳಿಗೇ.

ನಾನು ಬೇಡಿಕೊಂಡೆ. ಕಾಲಿಗೆ ಬಿದ್ದೆ. ಆಮೇಲೆ ಬೈದೆ. ನಾನು ಹುಟ್ಟುವ ಮೊದಲೇ ಸತ್ತ ನಲವತ್ತು ಮೀನಿಗೆ ನನ್ನ ಒಂದು ವರ್ಷ ಯಾಕೆ ಕೊಡಬೇಕು, ಕೋಳಿ ಅಂಕ ನೋಡಿದ್ದು ನಾನಾ ಎಂದು ಕೇಳಿದೆ. ಮಾವ ಅಳುತ್ತಿದ್ದರು. ಅಳುತ್ತಲೇ ತಲೆ ಅಲ್ಲಾಡಿಸಿದರು. ಅಷ್ಟರಲ್ಲಿ ಮೇಲಿನ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಎಣ್ಣೆ ಬಟ್ಟೆಯನ್ನು ಮಡಚಿಕೊಂಡು ಮನೆಗೆ ಬಂದು ಬತ್ತ ಹರವಿದೆ.

ಆ ಒಂದು ವರ್ಷ ನಾನು ಮಾವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರು ಒಳ್ಳೆಯವರಾಗಲು ನೋಡಿದಷ್ಟೂ ನನಗೆ ರೇಗುತ್ತಿತ್ತು. ಹೊಳೆಯಿಂದ ಪೆರುವೋಳು ಹಿಡಿದು ತಂದರು, ಬಿಡದೆ. ಅಜ್ಜಿ ಖುಷಿಯಿಂದ ಸಾರು ಮಾಡಿದಳು. ನಾನು ಮುಟ್ಟಲಿಲ್ಲ, ಉಪ್ಪಿನಕಾಯಿಯಲ್ಲಿ ಉಂಡೆ. ಸತ್ಯ ಎಂಬುದು ಬೇಕಾದವರು ತಮ್ಮ ಖರ್ಚಿನಲ್ಲಿ ಇಟ್ಟುಕೊಳ್ಳಲಿ ಎಂದು ಅಜ್ಜಿಯ ಹತ್ತಿರ ಹೇಳಿದೆ, ಮಾವನಿಗೆ ಕೇಳುವ ಹಾಗೆ. ಅವರಿಗೆ ಕೇಳಿತು. ಆ ದಿನ ಅವರೂ ಸರಿಯಾಗಿ ಉಣ್ಣಲಿಲ್ಲ. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮರುವರ್ಷ ನವರಾತ್ರಿಗೆ ಮೇಷ್ಟ್ರು ಮತ್ತೆ ಅರ್ಜಿ ತಂದರು. ಈ ಸಲ ಮಾವ ಹೊಳೆಗೆ ಹೋಗಲಿಲ್ಲ. ಸ್ನಾನ ಮಾಡಿ, ತೋಟದ ಕಾಲದ ಕೋಟು ಹಾಕಿಕೊಂಡು, ಚಾವಡಿಯಲ್ಲಿ ಮಣೆ ಇಟ್ಟುಕೊಂಡು ಕೂತು, ಎಲ್ಲ ಕಲಮುಗಳನ್ನು ತಾವೇ ತುಂಬಿಸಿದರು. ಹುಟ್ಟಿದ ತಾರೀಕಿನ ಕಲಮು ಬಂದಾಗ ಡೈರಿಯನ್ನು ತೆರೆದಿಟ್ಟು, ಅದನ್ನು ನೋಡಿಕೊಂಡು, ದೊರೆಗೆ ಬರೆಯುತ್ತಿದ್ದ ಅದೇ ಚಂದದ ಅಕ್ಷರದಲ್ಲಿ ಸೋಣ ತಿಂಗಳ ಆ ತಾರೀಕನ್ನು ಬರೆದರು. ಅದರ ಪ್ರಕಾರವೂ ನನಗೆ ಈಗ ಹದಿನೇಳು ತುಂಬಿತ್ತು. ಆಮೇಲೆ ರುಜು. ಅದನ್ನು ಹಾಕಲು ಒಂದು ನಿಮಿಷವೂ ಬೇಕಾಗಲಿಲ್ಲ. ನಾನು ಪಕ್ಕದಲ್ಲೇ ನಿಂತು ಹಲ್ಲು ಕಚ್ಚಿಕೊಂಡು ನೋಡಿದೆ.

ಅರ್ಜಿ ಕೊಡಲು ಬಂಟ್ವಾಳದ ಕಚೇರಿಗೆ ಮೇಷ್ಟ್ರ ಜೊತೆ ನಾನೂ ಹೋದೆ. ಗುಮಾಸ್ತರು ಒಳ್ಳೆಯವರೇ, ಊಟದ ಹೊತ್ತಾಗಿತ್ತು, ಅವಸರದಲ್ಲಿದ್ದರು. ಅರ್ಜಿಯನ್ನೂ ಶಾಲೆಯ ಸರ್ಟಿಫಿಕೇಟನ್ನೂ ಅಕ್ಕಪಕ್ಕ ಇಟ್ಟು, “ತಾರೀಕು ತಾಳೆ ಆಗುವುದಿಲ್ಲವಲ್ಲ” ಎಂದರು. ಇದು ನಿಜವಾದ ತಾರೀಕು ಎಂದೆ. ಅವರು ನನ್ನನ್ನು ಮರುಕದಿಂದ ನೋಡಿ, “ನಿಜ ಇರಬಹುದು ತಂಗಿ, ಆದರೆ ರಿಜಿಸ್ಟರಿನಲ್ಲಿ ಇರುವುದೇ ಇಲ್ಲಿ ಇರಬೇಕು. ಇಲ್ಲದಿದ್ದರೆ ಅರ್ಜಿ ವಾಪಸು ಬರ್ತದೆ” ಎಂದರು. ಮೇಷ್ಟ್ರು ನನ್ನ ಮುಖ ನೋಡಿದರು. ಇನ್ನೊಂದು ವರ್ಷ ಬತ್ತ ಹರವುವ ಶಕ್ತಿ ನನಗಿರಲಿಲ್ಲ. ಸರಿ ಎಂದೆ. ಗುಮಾಸ್ತರು ಸ್ಕೇಲು ಇಟ್ಟು ಮಾವನ ಅಕ್ಷರದ ಮೇಲೆ ಕೆಂಪು ಮಸಿಯಲ್ಲಿ ಗೆರೆ ಎಳೆದು, ಮೇಲ್ಗಡೆ ಜೂನ್ ತಿಂಗಳ ತಾರೀಕನ್ನು ಬರೆದರು. ಅದರ ಅಡಿಯಲ್ಲಿ ಮಾವನ ರುಜು ಹಾಗೆಯೇ ಇತ್ತು.

ಅಂದರೆ ಹಿಂದಿನ ವರ್ಷ ಆಗಬೇಕಾಗಿದ್ದದ್ದೇ ಈ ವರ್ಷ ಆಯಿತು, ಒಂದು ವರ್ಷ ತಡವಾಗಿ. ತರಬೇತಿ ಮುಗಿದ ಮೇಲೆ ಅರುವತ್ತರ ದಶಕದ ಮೊದಲಿಗೆ ಮೂಡಬಿದಿರೆಯ ಹತ್ತಿರ ಮಿಜಾರಿನ ಕಡೆ ನನಗೆ ಕೆಲಸ ಸಿಕ್ಕಿತು. ಬಹಳ ವರ್ಷ ಕಲಿಸಿದೆ. ನಿವೃತ್ತಿಯ ಆದೇಶ ಬಂದದ್ದು ಜೂನ್ ತಿಂಗಳ ಲೆಕ್ಕದಲ್ಲಿ, ನನಗೆ ನಿಜವಾಗಿ ವಯಸ್ಸಾಗುವುದಕ್ಕೆ ಒಂದು ವರ್ಷ ಎರಡು ತಿಂಗಳು ಮುಂಚೆ. ಸತ್ಯಕ್ಕಾಗಿ ಮೊದಲಿಗೊಂದು ವರ್ಷ ಹೋಯಿತು, ಸುಳ್ಳಿಗಾಗಿ ಕೊನೆಗೊಂದು ವರ್ಷ. ಯಾರ ಮೇಲೆ ರೇಗಬೇಕೆಂದು ಗೊತ್ತಾಗದೆ ಆ ದಿನ ಸಹೋದ್ಯೋಗಿಗಳ ಮೇಲೆ ರೇಗಿದೆ.

ಆದರೆ ನಾನು ಹೇಳಬೇಕಾದದ್ದು ಬಂಟ್ವಾಳದಿಂದ ಬಂದ ಆ ಸಂಜೆಯ ಮಾತು. ಮಾವ ಬಸ್ಸು ನಿಲ್ಲುವಲ್ಲಿಯವರೆಗೂ ಬಂದು ಕಾಯುತ್ತಿದ್ದರು. ಕೋಟು ಇನ್ನೂ ಮೈಮೇಲೆ ಇತ್ತು. ನಾನು ಇಳಿದೊಡನೆ, “ಅರ್ಜಿ ತಗೊಂಡರಾ?” ಎಂದು ಕೇಳಲಿಲ್ಲ. “ತಾರೀಕು ನೋಡಿದರಾ?” ಎಂದು ಕೇಳಿದರು.

ಬಸ್ಸಿನ ಉದ್ದಕ್ಕೂ ನಾನು ಅದಕ್ಕೆ ಉತ್ತರ ತಯಾರು ಮಾಡಿಕೊಂಡೇ ಬಂದಿದ್ದೆ. ನೋಡಿದರು, ಗೆರೆ ಎಳೆದರು, ನಿಮ್ಮ ಸತ್ಯ ಯಾರಿಗೂ ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದಿದ್ದೆ. ಒಂದು ವರ್ಷದ ಸಿಟ್ಟು ನಾಲಿಗೆಯ ತುದಿಯಲ್ಲಿತ್ತು. ಅವರ ಮುಖ ನೋಡಿದೆ. ಹೇಳಲು ಬಾಯಿ ಬರಲಿಲ್ಲ.

“ನೋಡಿದರು” ಎಂದೆ.

“ಏನು ಹೇಳಿದರು?”

“ಸರಿ ಉಂಟು ಅಂದರು.”

ಮಾವ ನನ್ನ ಕೈಚೀಲ ತೆಗೆದುಕೊಂಡು ಮುಂದೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ನಿಂತು, “ಹೇಗೆ ಅಂದರು, ಇನ್ನೊಮ್ಮೆ ಹೇಳು” ಎಂದರು. ನಾನು ಇನ್ನೊಮ್ಮೆ ಹೇಳಿದೆ. ಗುಮಾಸ್ತರು ಕನ್ನಡಕ ಹಾಕಿಕೊಂಡರು, ತಾರೀಕನ್ನು ಗಟ್ಟಿಯಾಗಿ ಓದಿದರು, ಇಷ್ಟು ಚಂದದ ಅಕ್ಷರ ಯಾರದ್ದು ಎಂದು ಕೇಳಿದರು, ನನ್ನ ಮಾವನದ್ದು ಎಂದೆ. ಗುಮಾಸ್ತರಿಗೆ ಕನ್ನಡಕವೇ ಇರಲಿಲ್ಲ.